ನೈಟ್ರೋಜನ್ ಕ್ಯಾನಿನ ಮುಚ್ಚಳ

ಮೊದಲು ಸೋತದ್ದು ಇವರ ಬಲಗೈಯ ಹೆಬ್ಬೆರಳು. ಹಾಗೆಂದು ನನ್ನ ನೆನಪು. ಡೈರಿಯಲ್ಲಿ ತೋರುಬೆರಳು ಎಂದಿದೆ.

ಡೈರಿಯನ್ನೇ ನಂಬಬೇಕು. ಪುತ್ತೂರಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಇತಿಹಾಸ ಕಲಿಸಿದವಳು ನಾನು. ಅದೇ ದಿನ ಬರೆದಿಟ್ಟದ್ದಕ್ಕೂ ವರ್ಷಗಳಾದ ಮೇಲೆ ಹೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಪ್ರತಿ ವರ್ಷ ಹೊಸ ಮಕ್ಕಳಿಗೆ ವಿವರಿಸುತ್ತಿದ್ದೆ. ಆದರೆ ಈ ಡೈರಿ ಬರೆದದ್ದೂ ನಾನೇ. ಅವತ್ತು ಬೆರಳನ್ನು ಸರಿಯಾಗಿ ನೋಡಿದ್ದೆನೋ ಇಲ್ಲವೋ.

ಇವರು, ನನ್ನ ಗಂಡ ಶೀನಪ್ಪ, ಪಶು ಇಲಾಖೆಯಲ್ಲಿದ್ದರು. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸ. ಊರಿನವರ ಬಾಯಲ್ಲಿ 'ಇಂಜೆಕ್ಷನ್ ಡಾಕ್ಟ್ರು'. ಸ್ಕೂಟರಿನ ಕಾಲಿಡುವ ಜಾಗದಲ್ಲಿ ದ್ರವ ನೈಟ್ರೋಜನ್ ತುಂಬಿದ ಕ್ಯಾನ್ ನಿಲ್ಲಿಸಿಕೊಂಡು ಕಡಬ, ಪಂಜ, ಬೆಳ್ಳಾರೆ ಕಡೆಯ ದನದ ಹಟ್ಟಿಗಳನ್ನೆಲ್ಲ ಸುತ್ತಿದವರು. ಕ್ಯಾನಿನೊಳಗೆ ಪೆನ್ನಿನ ರೀಫಿಲ್‌ನಂಥ ತೆಳು ಸ್ಟ್ರಾಗಳು. ಅವುಗಳಲ್ಲಿ ಹೋರಿಯ ವೀರ್ಯ. ನಿವೃತ್ತಿಯಾದ ಮೇಲೂ ಕರೆದವರ ಮನೆಗೆ ಹೋಗುತ್ತಿದ್ದರು. ನಮಗೆ ಮಕ್ಕಳಿಲ್ಲ. "ಊರಿನ ದನಕ್ಕೆಲ್ಲ ಗಬ್ಬ ಕಟ್ಟಿಸಿದವರು" ಎಂದು ಜನ ಅರ್ಧಕ್ಕೆ ನಿಲ್ಲಿಸಿ ನಗುತ್ತಿದ್ದರು. ಇವರೂ ಜೊತೆಯಲ್ಲಿ ನಗುತ್ತಿದ್ದರು.

ಆ ದಿನ ಪಕ್ಕದ ಮನೆಯ ದನ. ಚಿಮಟದಲ್ಲಿ ಸ್ಟ್ರಾ ಎತ್ತಿ ಬಿಸಿನೀರಿಗೆ ಹಾಕಬೇಕು. ಎಷ್ಟೋ ಸಾವಿರ ಸಲ ಮಾಡಿದ ಕೆಲಸ. ಸ್ಟ್ರಾ ಜಾರಿ ಸೆಗಣಿಗೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದೂ.

ಮನೆಗೆ ಬಂದು ಕೈಯನ್ನು ಊಟದ ಮೇಜಿನ ಮೇಲಿಟ್ಟರು. ಬೇರೆ ಯಾರೋ ಮರೆತುಹೋದ ವಸ್ತುವನ್ನು ತಂದಿಟ್ಟ ಹಾಗೆ.

"ಇದು ನನ್ನ ಕೈ ಅಲ್ಲ ಮಾರಾಯ್ತಿ."

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿಗೇ ಒಂದು ಸುತ್ತು ತಿದ್ದುಪಡಿ ಆಯಿತು.

ಪುತ್ತೂರಿನಲ್ಲಿ ಎಕ್ಸ್‌ರೇ, ಕುತ್ತಿಗೆಯ ಎಂ.ಆರ್.ಐ. ಆಮೇಲೆ ಮಂಗಳೂರಿನ ನ್ಯೂರಾಲಜಿಸ್ಟ್. ಇ.ಎಂ.ಜಿ. ಎಂಬ ಪರೀಕ್ಷೆ, ಸ್ನಾಯುವಿಗೆ ಸೂಜಿ ಚುಚ್ಚಿ ಅದರ ಸದ್ದನ್ನು ಕೇಳುವುದು. ಯಂತ್ರ ಚರಚರ ಅನ್ನುತ್ತಿತ್ತು. ಡಾಕ್ಟರ್ ಇವರ ತೊಡೆಯನ್ನು ತೋರಿಸಿದರು. ಚರ್ಮದ ಕೆಳಗೆ ಎಂತದೋ ಹರಿದಾಡುತ್ತಿತ್ತು. ಹತ್ತಿರ ಮಲಗುವ ನಾನು ಅದನ್ನು ಯಾವತ್ತೂ ನೋಡಿರಲಿಲ್ಲ.

ಎಂ.ಎನ್.ಡಿ. ಮೋಟಾರ್ ನ್ಯೂರಾನ್ ಡಿಸೀಸ್. ಸ್ನಾಯುಗಳನ್ನು ನಡೆಸುವ ನರಗಳು ಒಂದೊಂದಾಗಿ ಸಾಯುವ ರೋಗ.

"ಮದ್ದು?" ನಾನು ಕೇಳಿದೆ.

"ಒಂದು ಮಾತ್ರೆ ಉಂಟು, ಮೇಡಂ. ಸ್ವಲ್ಪ ನಿಧಾನ ಮಾಡ್ತದೆ. ಗುಣ ಮಾಡುದಿಲ್ಲ."

ಇವರು ಒಂದು ವಿಷಯ ಮಾತ್ರ ಕೇಳಿದರು. "ತಲೆ ಹೋಗ್ತದಾ ಡಾಕ್ಟ್ರೆ?"

"ನಿಮ್ಮಂಥವರಿಗೆ ಹೆಚ್ಚಾಗಿ ಇಲ್ಲ. ಎಲ್ಲ ಗೊತ್ತಾಗ್ತಾ ಇರ್ತದೆ."

ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ವರ್ಷ ಬಲಗೈ ಹೋಯಿತು. ಆಮೇಲೆ ಕಾಲು. ಬಟನ್ ಇದ್ದ ಅಂಗಿಗಳೆಲ್ಲ ಕಪಾಟಿನ ಮೇಲಿನ ಅಟ್ಟಕ್ಕೆ ಹೋದವು. ನಾಲಗೆ ದಪ್ಪವಾಯಿತು. ನೀರು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಒಂದು ಪುಡಿ ಕೊಟ್ಟರು. ನೀರಿಗೆ ಬೆರೆಸಿದರೆ ಅದು ಗಂಜಿಯಂತೆ ಗಟ್ಟಿಯಾಗುತ್ತದೆ. ಒಂದು ಲೋಟಕ್ಕೆ ಎರಡು ಚಮಚ. ಇವರು ಅದನ್ನು ಚಮಚದಲ್ಲಿ ತಿಂದರು. ಹೌದು, ನೀರನ್ನು ತಿಂದರು. "ನೀರಿಗೆ ನೀರಿನ ರುಚಿ ಇಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮಾತು ಇನ್ನೂ ತಿಳಿಯುತ್ತಿದ್ದ ಕಾಲ ಅದು.

ಕ್ರಯಾನಿಕ್ಸ್ ನಮ್ಮ ಮನೆಗೆ ಬಂದದ್ದು ಆಗ.

ಬೆಳಗಿನ ರಾಗಿ ಮಣ್ಣಿ ತಿನ್ನಿಸುತ್ತಿದ್ದೆ. ಎಡಗೈಯಲ್ಲಿ ಫೋನನ್ನು ನನ್ನ ಕಡೆ ನೂಕಿದರು. ಆಳೆತ್ತರದ ಸ್ಟೀಲಿನ ಹಂಡೆಗಳು ಸಾಲಾಗಿ ನಿಂತ ಕೋಣೆ. ವಿದೇಶದ ಯಾವುದೋ ಸಂಸ್ಥೆ. ಸತ್ತ ಕೂಡಲೇ ದೇಹವನ್ನು ತಣ್ಣಗೆ ಮಾಡಿ, ದ್ರವ ನೈಟ್ರೋಜನ್‌ನಲ್ಲಿ ಇಡುತ್ತಾರೆ. ರೋಗಕ್ಕೆ ಮದ್ದು ಸಿಕ್ಕಿದ ಕಾಲದಲ್ಲಿ ಎಬ್ಬಿಸಬಹುದು ಎಂಬ ನಿರೀಕ್ಷೆ.

"ನೋಡು. ಇದು ನಮ್ಮ ಕ್ಯಾನೇ. ದೊಡ್ಡದು, ಅಷ್ಟೇ."

ನಾನು ನಕ್ಕೆ. ನಕ್ಕದ್ದು ಡೈರಿಯಲ್ಲಿದೆ. ಹಾಗೆಂದು ನಾಚಿಕೆಯಿಂದಲೇ ಬರೆದಿದ್ದೇನೆ.

"ಒಂದು ಹೋರಿ ಸತ್ತು ಎಷ್ಟೋ ವರ್ಷ ಆಯ್ತು. ಅದರ ಕರು ಹೋದ ವರ್ಷ ಪಂಜದಲ್ಲಿ ಹುಟ್ಟಿತು. ನಾನೇ ಹುಟ್ಟಿಸಿದ್ದು. ಇನ್ನು ನನಗೆ ಯಾರು ಪಾಠ ಹೇಳುದು?"

"ಹುಟ್ಟಿದ್ದು ಕರು. ಹೋರಿ ಎದ್ದು ಬಂದದ್ದಲ್ಲ" ಎಂದು ನಾನು ಉತ್ತರ ಕೊಟ್ಟೆನೇ? ಅಥವಾ ಆಮೇಲೆ ಪಾತ್ರೆ ತೊಳೆಯುವಾಗ ಹೊಳೆದದ್ದೇ? ಡೈರಿಯಲ್ಲಿ ಇಲ್ಲ.

ಮುಂದಿನ ತಪಾಸಣೆಯಲ್ಲಿ ಇವರು ಡಾಕ್ಟರರನ್ನೇ ಕೇಳಿದರು. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು.

"ವೀರ್ಯ ಅಂದ್ರೆ ಬಿಡಿ ಬಿಡಿ ಜೀವಕೋಶ. ಮೆದುಳು ಹಾಗಲ್ಲ ಶೀನಪ್ಪಣ್ಣ. ಇಡಲಿಕ್ಕೆ ಆಗ್ತದೆ. ಎಬ್ಬಿಸಲಿಕ್ಕೆ ಇವತ್ತಿನವರೆಗೆ ಯಾರಿಗೂ ಆಗಲಿಲ್ಲ."

"ಇವತ್ತಿನವರೆಗೆ ಅಂದ್ರಲ್ಲ ಡಾಕ್ಟ್ರೆ. ಅಷ್ಟು ಸಾಕು."

ಕಡಬದ ಸೈಬರ್ ಅಂಗಡಿಯಿಂದ ಫಾರ್ಮು ಪ್ರಿಂಟಾಗಿ ಬಂತು. ಎರಡು ಸಹಿ ಬೇಕು. ಇವರದ್ದು ಎಡಗೈಯಲ್ಲಿ, ಇರುವೆ ಶಾಯಿಯಲ್ಲಿ ಮುಳುಗಿ ನಡೆದ ಹಾಗೆ, ಆಗಲೇ ಬಿದ್ದಿತ್ತು. ಇನ್ನೊಂದು ಹತ್ತಿರದ ಸಂಬಂಧಿಯದ್ದು. ಮರಣ ಖಚಿತವಾದ ಕೂಡಲೇ ತಡಮಾಡದೆ ದೇಹವನ್ನು ಅವರಿಗೆ ಒಪ್ಪಿಸುತ್ತೇನೆ, ಯಾವ ವಿಧಿಗೂ ಇಟ್ಟುಕೊಳ್ಳುವುದಿಲ್ಲ ಎಂದು ನಾನು ಬರೆದುಕೊಡಬೇಕು. ಕಡಬದಿಂದ ಆ ಕೋಣೆಯವರೆಗಿನ ದಾರಿಯ ಬಗ್ಗೆ ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಇವರ ಹತ್ತಿರ ಉತ್ತರವಿತ್ತು. ನಾನು ಕೇಳದೆ ಉಳಿದದ್ದು ಒಂದೇ. ನೀವು ಎದ್ದಾಗ ನಾನು ಎಲ್ಲಿರುತ್ತೇನೆ?

ಫಾರ್ಮನ್ನು ಡೈರಿಯೊಳಗೆ ಇಟ್ಟೆ. ಸಹಿ ಹಾಕಲಿಲ್ಲ. ಇಲ್ಲ ಎನ್ನಲೂ ಇಲ್ಲ.

ಭಾನುವಾರಗಳಂದು ಕುಂಬ್ರದಿಂದ ಲೀಲತ್ತಿಗೆ ಬರುತ್ತಿದ್ದರು, ಇವರ ಅಕ್ಕ. ವಿಷಯ ಕೇಳಿ ಟವೆಲಿನಿಂದ ತಮ್ಮನ ಬಾಯಿ ಒರೆಸಿದರು. ಆಮೇಲೆ ನಮ್ಮಿಬ್ಬರ ಓದಿಗೂ ಹೊಳೆಯದ ಪ್ರಶ್ನೆ ಕೇಳಿದರು.

"ಇವನು ಐಸಿನಲ್ಲಿ ಇರುದಾದ್ರೆ, ಆಟಿಯಲ್ಲಿ ಇವನಿಗೆ ಎಲೆ ಹಾಕುದಾ, ಬೇಡವಾ?"

ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಬಾಳೆಲೆ ಹಾಕುತ್ತೇವೆ. ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಏಳುವಷ್ಟು ಹೊತ್ತು ಹೊರಗೆ ಕಾಯುತ್ತೇವೆ.

"ಬದುಕಿದವನಿಗೆ ಎಲೆ ಹಾಕ್ಲಿಕ್ಕೆ ಉಂಟಾ? ಅಪಶಕುನ. ಸತ್ತವನಿಗೆ ಹಾಕದಿದ್ರೆ ಹಸಿದುಕೊಂಡು ಬಾಗಿಲಲ್ಲಿ ನಿಲ್ತಾನೆ. ನೀವು ಕಲಿತವರು, ನೀವೇ ಹೇಳಿ."

"ಅಕ್ಕಾ, ಅರ್ಧ ಎಲೆ ಹಾಕು" ಎಂದರು ಇವರು.

ಅತ್ತಿಗೆ ಟವೆಲಿನಿಂದ ತಮ್ಮನ ಭುಜಕ್ಕೆ ಹೊಡೆದರು. ಮೂವರೂ ನಕ್ಕೆವು. ಇವರಿಗೆ ನಗು ನಿಲ್ಲಲಿಲ್ಲ, ಅಳುವಾಯಿತು. ಈ ರೋಗದಲ್ಲಿ ಹಾಗಾಗುತ್ತದಂತೆ, ನಗು ಅಳುಗಳ ತಂತಿ ಒಂದಕ್ಕೊಂದು ತಾಗುತ್ತದೆ. ಆದ್ದರಿಂದ ಅವತ್ತಿನ ಅಳು ಅಳುವೇ ಎಂದು ಹೇಳಲಾರೆ.

ನನ್ನ ಸಹಿ ಬೀಳುವುದಿಲ್ಲ ಎಂದು ಕಂಡಾಗ ಇವರು ಒಂದು ಪರೀಕ್ಷೆ ಇಟ್ಟರು. ಕೆಲಸ ನಿಂತ ಮೇಲೆ ಮೂಲೆ ಸೇರಿದ್ದ ಇವರ ಕ್ಯಾನನ್ನು ಬಾಬಣ್ಣ ಮತ್ತೆ ತುಂಬಿಸಿಕೊಟ್ಟರು. ಬಾಬಣ್ಣ ಇವರ ಕೈಕೆಳಗೆ ಕೆಲಸ ಕಲಿತವರು. ಈಗ ಕಡಬದಲ್ಲಿ ಅದೇ ಕೆಲಸ. ಆ ಸತ್ತ ಹೋರಿಯ ಸ್ಟ್ರಾ ಬಾಬಣ್ಣನ ಹತ್ತಿರ ಒಂದೇ ಒಂದು ಉಳಿದಿತ್ತು. ಅದನ್ನು ಕ್ಯಾನಿನಲ್ಲಿ ಕಾಪಾಡಬೇಕು. ಬಾಬಣ್ಣನ ಮನೆಯ ಕಪ್ಪು ಕಡಸು ಬೆದೆಗೆ ಬಂದಾಗ ಅದಕ್ಕೆ ಕೊಡಬೇಕು. ಗಬ್ಬ ನಿಂತರೆ ನಾನು ಸಹಿ ಹಾಕಬೇಕು.

"ನಿಲ್ಲದಿದ್ದರೆ?"

"ನಿಲ್ಲದಿದ್ದರೆ ಫಾರ್ಮಿನಲ್ಲಿ ಒಲೆ ಹೊತ್ತಿಸು."

ಇದು ವಿಜ್ಞಾನವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಒಪ್ಪಿದೆ. ಯಾಕೆ ಒಪ್ಪಿದೆ?

ನೈಟ್ರೋಜನ್ ಸುಮ್ಮನೆ ಇರುವುದಿಲ್ಲ. ಮುಚ್ಚಳ ಹಾಕಿದ್ದರೂ ದಿನವೂ ಸ್ವಲ್ಪ ಸ್ವಲ್ಪ ಹಾರಿಹೋಗುತ್ತದೆ. ಮುಚ್ಚಳ ತೆಗೆದಿಟ್ಟರೆ ಬೇಗ. ಬೆಳಿಗ್ಗೆ ಕ್ಯಾನಿಗೆ ಅಳತೆ ಕೋಲು ಇಳಿಸಿ, ಹೊರಗೆಳೆದು, ಗಾಳಿಯಲ್ಲಿ ಆಡಿಸಬೇಕು. ನೈಟ್ರೋಜನ್ ಮುಟ್ಟಿದಷ್ಟು ಉದ್ದಕ್ಕೆ ಬಿಳಿ ಮಂಜು ಕಟ್ಟುತ್ತದೆ. ನಾನು ಕೋಲು ಹಿಡಿದು ಮಂಚದ ಹತ್ತಿರ ಹೋಗುತ್ತಿದ್ದೆ. ಇವರು ನೋಡಿ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ನಾನು ಡೈರಿಯಲ್ಲಿ ಬರೆಯುತ್ತಿದ್ದೆ. ಹದಿನೇಳು. ಹದಿನಾರು. ಹದಿನಾಲ್ಕೂವರೆ. ಕಡಿಮೆಯಾದಾಗ ಬಾಬಣ್ಣ ಬಂದು ತುಂಬಿಸುತ್ತಿದ್ದರು. ಆ ವಾರಗಳಲ್ಲಿ ನಮ್ಮ ಬೆಳಗುಗಳಿಗೆ ಒಂದು ಕೆಲಸವಿತ್ತು. ಅದನ್ನು ಸಂತೋಷ ಎನ್ನಬಹುದೋ ಏನೋ.

ಆಮೇಲೆ ಜ್ವರ ಬಂತು. ನ್ಯುಮೋನಿಯಾ.

ಪುತ್ತೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮೊದಲು ಐ.ಸಿ.ಯು., ಆಮೇಲೆ ವಾರ್ಡ್. ಮೂಗಿನ ಮೇಲೆ ಉಸಿರು ತುಂಬುವ ಬೈಪ್ಯಾಪ್ ಯಂತ್ರದ ಮಾಸ್ಕ್. ಆಹಾರ ಕೊಡಲು ನೇರ ಹೊಟ್ಟೆಗೆ ಪೆಗ್ ಟ್ಯೂಬ್ ಹಾಕಿದರು. ವಾಪಸು ಬರುವಾಗ ಮಾತು ಪೂರ್ತಿ ಹೋಗಿತ್ತು. ಎಡಗೈಯ ಒಂದು ಬೆರಳು ಉಳಿದಿತ್ತು, ಫೋನಿನಲ್ಲಿ ಅಕ್ಷರ ಒತ್ತಲು.

ಇವರನ್ನು ಮಲಗಿಸಿ, ಮೂಲೆಗೆ ಹೋದೆ.

ಕ್ಯಾನ್ ಒಣಗಿತ್ತು. ಮುಚ್ಚಳ ಪಕ್ಕದಲ್ಲಿ, ಮಡಚಿದ ಪೇಪರಿನ ಮೇಲೆ ಇತ್ತು.

ಇಲ್ಲಿಂದ ಮುಂದೆ ನನಗೆ ನನ್ನ ಮೇಲೆಯೇ ನಂಬಿಕೆಯಿಲ್ಲ. ಆಂಬುಲೆನ್ಸ್ ಬಂದ ಬೆಳಿಗ್ಗೆ ನಾನು ಕೋಲು ಇಳಿಸಿದ್ದು ನೆನಪಿದೆ. ಮುಚ್ಚಳ ಹಾಕಿದ್ದೂ ನೆನಪಿದೆ. ಅದು ಕೂರುವಾಗಿನ ಮೆತ್ತನೆಯ ಒತ್ತು ಕೂಡ ಕೈಯಲ್ಲಿದೆ. ಆದರೆ ಇನ್ನೊಂದು ಚಿತ್ರವೂ ಅಷ್ಟೇ ಸ್ಪಷ್ಟವಾಗಿದೆ. ನಾನು ಪೇಪರ್ ಮಡಚುತ್ತೇನೆ. ಅದರ ಮೇಲೆ ಮುಚ್ಚಳ ಇಡುತ್ತೇನೆ. ಕ್ಯಾನಿನ ಬಾಯಿಂದ ಬಿಳಿ ಹೊಗೆ ನಿಧಾನ ಇಳಿಯುವುದನ್ನು ನೋಡುತ್ತೇನೆ. ಎದ್ದು ಹೋಗುತ್ತೇನೆ. ಪೇಪರ್ ಮಡಚುವಷ್ಟು ವ್ಯವಧಾನ ಆ ಬೆಳಿಗ್ಗೆ ಎಲ್ಲಿತ್ತು? ಆದರೆ ಪೇಪರ್ ಮಡಚಿಯೇ ಇತ್ತಲ್ಲ. ವಸ್ತುವನ್ನು ಬರಿ ನೆಲದ ಮೇಲೆ ಇಡುವ ಅಭ್ಯಾಸ ನನಗಿಲ್ಲ.

ಡೈರಿಯ ಆ ದಿನದ ಪುಟದಲ್ಲಿ ಇಷ್ಟೇ ಇದೆ: ಜ್ವರ. ಆಂಬುಲೆನ್ಸ್. ಬೀಗದ ಕೈ ಬಾಬಣ್ಣನಿಗೆ.

ಬಾಬಣ್ಣನನ್ನು ಕರೆಸಿದೆ. ಅವರು ತಲೆಯ ಮೇಲೆ ಕೈ ಇಟ್ಟರು.

"ಅಕ್ಕಾ, ಬೀಗದ ಕೈ ಕೊಡುವಾಗ ನೀವು ಎಂತ ಹೇಳಿದ್ದು? ಸದ್ಯ ಮುಟ್ಟುದು ಬೇಡ, ನಾನು ಫೋನ್ ಮಾಡ್ತೇನೆ ಅಂದದ್ದಲ್ವಾ?"

ನಾನು ಹೇಳಿದ್ದು 'ತುಂಬಿಸಿ' ಎಂದು. ಹಾಗೆಂದು ನನ್ನ ನೆನಪು.

ಬಾಬಣ್ಣ ಸ್ವರ ತಗ್ಗಿಸಿದರು. "ಈಗ ತುಂಬಿಸಿ ಬಿಡುವ. ಶೀನಣ್ಣನಿಗೆ ಯಾರು ಹೇಳ್ತಾರೆ? ಸ್ಟ್ರಾ ನೋಡ್ಲಿಕ್ಕೆ ಹಾಗೇ ಉಂಟು. ಸತ್ತದ್ದಕ್ಕೂ ಬದುಕಿದ್ದಕ್ಕೂ ಬಣ್ಣ ಒಂದೇ."

ಒಮ್ಮೆ ಕರಗಿದ ಸ್ಟ್ರಾವನ್ನು ಎಷ್ಟು ತಣ್ಣಗೆ ಮಾಡಿದರೂ ಅದು ಮತ್ತೆ ಜೀವ ಹಿಡಿಯುವುದಿಲ್ಲ. ಅದನ್ನು ಕಡಸಿಗೆ ಕೊಟ್ಟರೆ ಗಬ್ಬ ನಿಲ್ಲುವುದಿಲ್ಲ. ಗಬ್ಬ ನಿಲ್ಲದಿದ್ದರೆ ನಾನು ಸಹಿ ಹಾಕಬೇಕಾಗಿಲ್ಲ. ಇವರ ಮಾತಿನ ಪ್ರಕಾರವೇ. ಯಾರ ತಪ್ಪೂ ಇಲ್ಲದೆ.

"ತುಂಬಿಸಿ" ಎಂದೆ. ಇದು ಮಾತ್ರ ನಾನು ಹೇಳಿದ್ದು ಖಂಡಿತ.

ಮರುದಿನ ಬೆಳಿಗ್ಗೆ ಕೋಲು ತೋರಿಸಿದೆ. ಹದಿನೆಂಟು ಸೆಂಟಿಮೀಟರ್ ಮಂಜು. ಇವರು ಕಣ್ಣು ಮುಚ್ಚಿ ತೆರೆದರು. ನಾನು ಡೈರಿಯಲ್ಲಿ ಬರೆದೆ: ಹದಿನೆಂಟು. ಸುಳ್ಳಲ್ಲ. ಮಂಜು ಇತ್ತು. ಹಾಗೆ ಒಂಬತ್ತು ದಿನ ಬರೆದೆ. ನನ್ನ ಡೈರಿಯನ್ನು ಆಧಾರವಾಗಿಟ್ಟು ಯಾರಾದರೂ ಇತಿಹಾಸ ಬರೆದರೆ ಆ ಸ್ಟ್ರಾ ಬದುಕಿತ್ತು ಎಂದೇ ಬರೆಯುತ್ತಾರೆ.

ಹತ್ತನೆಯ ಬೆಳಿಗ್ಗೆ ಬಾಬಣ್ಣನ ಫೋನ್ ಬಂತು. "ಕಡಸು ಬೆದೆಗೆ ಬಂದು ಕೂಗ್ತಾ ಉಂಟು ಅಕ್ಕಾ. ಕ್ಯಾನ್ ತೆಗೊಂಡು ಹೋಗ್ಲಿಕ್ಕೆ ಬರ್ತೇನೆ."

ಸ್ಪೀಕರಿನಲ್ಲಿತ್ತು. ಇವರಿಗೆ ಕೇಳಿಸಿತು. ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ನಾನು ತಿಂಗಳುಗಳಿಂದ ಕಾಣದ ಬೆಳಕಿತ್ತು. ಕಸುಬಿನವನ ಬೆಳಕು. ಸ್ಕೂಟರ್ ಸ್ಟಾರ್ಟ್ ಮಾಡುವ ಮೊದಲು ಇರುತ್ತಿದ್ದದ್ದು.

"ಅದು ಸತ್ತಿದೆ" ಎಂದೆ. "ಕ್ಯಾನ್ ಒಣಗಿತ್ತು. ಆಮೇಲೆ ತುಂಬಿಸಿದ್ದು. ಮುಚ್ಚಳ ತೆಗೆದವಳು ನಾನೇ ಇರಬೇಕು. ಗೊತ್ತಿಲ್ಲ."

ಬೈಪ್ಯಾಪ್ ಮಾತ್ರ ಉಸಿರಾಡುತ್ತಿತ್ತು.

ಬೆರಳು ಫೋನಿನ ಕಡೆ ಸರಿಯಿತು. ಮಧ್ಯಾಹ್ನದವರೆಗೂ ಒತ್ತಿದರು. ಬಾಬಣ್ಣ ಬಂದು, ಬಾಗಿಲಲ್ಲಿ ನಿಂತು, ಬೇರೆ ಸ್ಟ್ರಾ ಕೊಡ್ತೇನೆ ಎಂದು ಹೋದರು. ಇವರು ಬರೆದದ್ದು ಈಗಲೂ ಫೋನಿನಲ್ಲಿದೆ. ಇದು ನನ್ನ ನೆನಪಲ್ಲ. ಇದ್ದ ಹಾಗೆಯೇ ಇಳಿಸುತ್ತಿದ್ದೇನೆ.

"ನನ್ನದೂ ಒಮ್ಮೆ ಒಣಗಿತ್ತು. ಕಲ್ಲುಗುಂಡಿಯಲ್ಲಿ ತಮ್ಮನ ಮದುವೆ. ಎಂಟು ದಿನ ಅಲ್ಲಿಯೇ. ಬಂದು ತುಂಬಿಸಿದೆ. ಯಾರಿಗೂ ಹೇಳಲಿಲ್ಲ. ತಿಂಗಳು ಪೂರ್ತಿ ಸತ್ತ ಸ್ಟ್ರಾ ಕೊಟ್ಟೆ. ಪಂಜದ ಆಚೆ ಚೋಮಕ್ಕ ಅಂತ. ಒಂದೇ ದನ. ನಿಲ್ಲಲಿಲ್ಲ. ಆಮೇಲೆ ಒಳ್ಳೆಯದು ಕೊಟ್ಟೆ, ಆಗಲೂ ನಿಲ್ಲಲಿಲ್ಲ. ಮಾರಿಬಿಟ್ಟಳು. ನನ್ನನ್ನು ಬಯ್ಯಲಿಲ್ಲ. ದನವನ್ನು ಬೈದಳು."

ಸ್ವಲ್ಪ ಜಾಗ ಬಿಟ್ಟು:

"ಆ ದೊಡ್ಡ ಕ್ಯಾನ್ ಕಾಯುವವರಿಗೂ ತಮ್ಮಂದಿರು ಇರ್ತಾರೆ. ಮದುವೆ ಇರ್ತದೆ."

ಮತ್ತೆ ಜಾಗ ಬಿಟ್ಟು:

"ಅಕ್ಕನಿಗೆ ಹೇಳು. ಎಲೆ ಹಾಕಲಿ. ಪೂರ್ತಿ ಎಲೆ."

ನಾನು ಓದಿ ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಗು ಬಂತು. ನಗು ಅಳುವಾಯಿತು. ಅಥವಾ ಮೊದಲೇ ಅಳುವಾಗಿತ್ತು.

ಫಾರ್ಮನ್ನು ಒಲೆಗೆ ಹಾಕಲಿಲ್ಲ. ನಮ್ಮಲ್ಲಿ ಇರುವುದು ಗ್ಯಾಸ್.

ಇವರು ಹೋದದ್ದು ಅದಾಗಿ ಒಂದೂವರೆ ತಿಂಗಳಿಗೆ. ಬೆಳಿಗ್ಗೆ, ಸ್ಪಂಜಿನಲ್ಲಿ ಮೈ ಒರೆಸುತ್ತಿದ್ದಾಗ. ಯಂತ್ರ ಉಸಿರಾಡುತ್ತಲೇ ಇತ್ತು, ಆದ್ದರಿಂದ ಯಾವ ಕ್ಷಣ ಎಂದು ಹೇಳಲಾರೆ. ಬೆನ್ನು ಒರೆಸುವಾಗ ಇದ್ದರು. ಸಂಜೆಯೊಳಗೆ ದಹನವಾಯಿತು. ಬೆಂಕಿ ಹತ್ತಿಕೊಂಡಾಗ ನನಗೆ ಬಂದ ಯೋಚನೆಯನ್ನು ಬರೆಯಬೇಕು, ಇಲ್ಲದಿದ್ದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಇನ್ನು ಎಬ್ಬಿಸಲಿಕ್ಕೆ ಆಗುವುದಿಲ್ಲ ಎಂದುಕೊಂಡೆ. ನಂಬದೇ ಇದ್ದವಳು ನಾನು. ಆದರೂ ಹಾಗೆ ಅನ್ನಿಸಿತು.

ಇವರು ನಿಜವಾಗಿ ಆಸೆ ಬಿಟ್ಟರೇ? ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಕಂಡು ನನ್ನನ್ನು ಆ ಸಹಿಯಿಂದ ಬಿಡಿಸಿದರೇ? ಆ ಮೆಸೇಜನ್ನು ಎಷ್ಟು ಸಲ ಓದಿದರೂ ಅದರಲ್ಲಿ ಇರುವಷ್ಟೇ ಇದೆ.

ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಯಿತು. ಆಟಿ ಬಂತು. ಮೊನ್ನೆ ಲೀಲತ್ತಿಗೆ ಕುಂಬ್ರದಿಂದ ಬೆಳಿಗ್ಗೆಯೇ ಬಂದರು, ಕೋಳಿ ಹಿಡಿದುಕೊಂಡು. ಅವರು ಪುಂಡಿಗೆ ಅಕ್ಕಿಯ ಉಂಡೆ ಕಟ್ಟಿದರು, ನಾನು ತೆಂಗಿನಕಾಯಿ ಕಡೆದೆ. ಇವರು ಸಾಯುವ ಮೊದಲಿನ ಎಷ್ಟೋ ತಿಂಗಳು ಬಾಯಲ್ಲಿ ಏನನ್ನೂ ಅಗಿದಿರಲಿಲ್ಲ. ಪೂರ್ತಿ ಎಲೆ ಹಾಕಿದೆವು. ಪುಂಡಿ, ಕೋಳಿ ಸಾರು, ಅನ್ನ, ಪತ್ರೊಡೆ, ಎಲೆಯ ಕೊನೆಗೆ ಚಿಟಿಕೆ ಉಪ್ಪು.

"ನೀರು ಇಡು" ಎಂದರು ಅತ್ತಿಗೆ.

ಲೋಟಕ್ಕೆ ನೀರು ತುಂಬಿದೆ. ಕೈ ತನ್ನಷ್ಟಕ್ಕೆ ಕಪಾಟಿಗೆ ಹೋಗಿ ನೀರು ಗಟ್ಟಿ ಮಾಡುವ ಪುಡಿಯ ಡಬ್ಬ ತೆಗೆಯಿತು. ಚಮಚ ಹಾಕಿತು. ಮೊದಲನೆಯ ಚಮಚ ಲೋಟದ ಮೇಲೆ ಬಂದಾಗ ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು.

"ಬೇಡ ಮಾರಾಯ್ತಿ. ಈಗ ಅವನಿಗೆ ಇಳಿತದೆ."

ಚಮಚದ ಪುಡಿಯನ್ನು ಡಬ್ಬಕ್ಕೇ ಹಾಕಿದೆ. ಡಬ್ಬದ ಮುಚ್ಚಳ ಗಟ್ಟಿಯಾಗಿ ತಿರುಗಿಸಿದೆ. ಬರೀ ನೀರಿನ ಲೋಟವನ್ನು ಎಲೆಯ ಬಲಕ್ಕೆ ಇಟ್ಟೆ. ಬಾಗಿಲು ಮುಚ್ಚಿ ಇಬ್ಬರೂ ಹೊರಗೆ ಕುಳಿತೆವು.

ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬರುತ್ತದೆ ಎಂದು ನಾನು ನಂಬುವವಳೂ ಅಲ್ಲ. ಆದರೆ ಅತ್ತಿಗೆ "ಇನ್ನು ತೆಗೆಯುವ" ಎಂದಾಗ, ಬೇಡ, ಇನ್ನೊಂದು ಸ್ವಲ್ಪ ಹೊತ್ತು ಇರಲಿ, ನಿಧಾನ ಕುಡಿಯಲಿ ಎಂದವಳು ನಾನು. ಇದನ್ನು ಅವತ್ತೇ ಬರೆದಿಟ್ಟಿದ್ದೇನೆ.